ಹಿಟ್ಟಿನ ಹುಂಜವೂ ಗುಂಡಿನ ಆಟವೂ

ಕೂಡ್ಲಿಗಿ, ಕೊಟ್ಟೂರು, ಹರಪನಹಳ್ಳಿ ಸೀಮೆಯಲ್ಲಿ ಜಗಲಿಯ ಮೇಲೆ ಕವಡೆ ಹಾಕಿ ಚೌಕಾಬಾರ ಆಡಿದವರೆಲ್ಲರಿಗೂ ಒಂದು ನಿಯಮ ಪರಿಚಿತವಾಗಿರುತ್ತದೆ. ಎದುರಾಳಿಯ ಒಂದು ಕಾಯನ್ನಾದರೂ ಕಡಿಯದೆ ಒಳಸುತ್ತಿಗೆ ಪ್ರವೇಶವಿಲ್ಲ. ‘ಕಡಿ’, ‘ಹೊಡಿ’ ಎಂಬ ಮಾತುಗಳು ಆ ಆಟದಲ್ಲಿ ಇರುವೆಯನ್ನೂ ದಾಟಿ ನಡೆಯುವ ಅಜ್ಜಿಯರ ಬಾಯಿಂದಲೂ ಸಲೀಸಾಗಿ ಬರುತ್ತವೆ. ಹುಲಿ-ಕುರಿ ಆಟದಲ್ಲಿ ಹುಲಿಯು ಕುರಿಯನ್ನು ಹಾರಿ ತಿನ್ನುತ್ತದೆ. ಇಂತಹ ಆಟಗಳ ಮನೆಗಳನ್ನು ನೆಲಗಲ್ಲಿನಲ್ಲಿ ಕೊರೆದಿರುವುದನ್ನು ಹಂಪಿಯ ಗುಡಿ ಮಂಟಪಗಳಲ್ಲಿ ಇಂದಿಗೂ ಕಾಣಬಹುದು. ಚದುರಂಗವಂತೂ ಸಾಕ್ಷಾತ್ ಯುದ್ಧವೇ ಸರಿ. ಆದರೂ ಈ ಆಟಗಳನ್ನು ಕುರಿತು ಹಿಂಸೆಯ ಆಕ್ಷೇಪವನ್ನು ಎತ್ತಿದವರು ವಿರಳ. ಆಡುವವನು ಮಣೆಯ ಹೊರಗೆ, ಮಣೆಗಿಂತ ಮೇಲೆ ಕುಳಿತಿರುತ್ತಾನೆ. ಸಾಯುವುದು ಹುಣಸೆಬೀಜ ಅಥವಾ ಬಳೆಯ ಚೂರು. ಕನ್ನಡ ವ್ಯಾಕರಣದ ಪರಿಭಾಷೆಯಲ್ಲಿ ಹೇಳುವುದಾದರೆ ಇವೆಲ್ಲ ಪ್ರಥಮ ಪುರುಷದ ಆಟಗಳು. ಸತ್ತದ್ದು ‘ಅದು’, ಕೊಂದದ್ದೂ ‘ಅದು’.

1993ರ ಡಿಸೆಂಬರ್ 10ರಂದು ಅಮೆರಿಕದಲ್ಲಿ ಹೊರಬಂದ ‘ಡೂಮ್’ ಎಂಬ ಕಂಪ್ಯೂಟರ್ ಆಟವು ಈ ವ್ಯಾಕರಣವನ್ನೇ ಬದಲಿಸಿತು. ಅದರಲ್ಲಿ ಆಟಗಾರನು ಪರದೆಯ ಮೇಲೆ ತನ್ನನ್ನು ಕಾಣುವುದಿಲ್ಲ. ಪರದೆಯೇ ಅವನ ಕಣ್ಣು. ಅದರ ಕೆಳ ಅಂಚಿನಲ್ಲಿ ಕಾಣುವ ಕೈಯೂ ಕೈಯಲ್ಲಿರುವ ಬಂದೂಕೂ ಅವನವೇ. ಓಣಿಯ ತಿರುವಿನಲ್ಲಿ ಎದುರಾಗುವ ರಾಕ್ಷಸನು ನೇರವಾಗಿ ಅವನನ್ನೇ ನೋಡುತ್ತಾನೆ. ಇಂಗ್ಲಿಷಿನಲ್ಲಿ ಇದಕ್ಕೆ ‘ಫಸ್ಟ್ ಪರ್ಸನ್ ಶೂಟರ್’ ಎಂದು ಹೆಸರು. ಆ ‘ಫಸ್ಟ್ ಪರ್ಸನ್’ ನಮ್ಮ ವ್ಯಾಕರಣದಲ್ಲಿ ಉತ್ತಮ ಪುರುಷ, ಅಂದರೆ ‘ನಾನು’. ಗುಂಡು ಹಾರಿಸುವವನಿಗೆ ಉತ್ತಮ ಪುರುಷನೆಂಬ ಹೆಸರು ವಿನೋದವಾಗಿ ಕೇಳಿಸಬಹುದಾದರೂ, ಈ ಆಟದ ಚಾರಿತ್ರಿಕ ಮಹತ್ವವೆಲ್ಲವೂ ಆ ‘ನಾನು’ ಎಂಬ ಒಂದು ಪದದಲ್ಲಿ ಅಡಗಿದೆ.

ಈ ದೃಷ್ಟಿಕೋನವನ್ನು ಡೂಮ್ ಮೊದಲಿಗೆ ಕಂಡುಹಿಡಿಯಿತೆಂದು ಹೇಳಲಾಗದು. 1970ರ ದಶಕದ ಮೊದಲ ಭಾಗದಲ್ಲಿಯೇ ಅಮೆರಿಕದ ಅಂತರಿಕ್ಷ ಸಂಸ್ಥೆ ನಾಸಾದ ಏಮ್ಸ್ ಕೇಂದ್ರದಲ್ಲಿ ವಿದ್ಯಾರ್ಥಿಗಳು ‘ಮೇಜ್ ವಾರ್’ ಎಂಬ ಚಕ್ರವ್ಯೂಹದ ಆಟವನ್ನು ರಚಿಸಿದ್ದರು. 1980ರಲ್ಲಿ ಅಟಾರಿ ಸಂಸ್ಥೆಯ ‘ಬ್ಯಾಟಲ್‌ಜೋನ್’ ಆಟಗಾರನನ್ನು ಟ್ಯಾಂಕಿನ ಒಳಗೆ ಕೂರಿಸಿತ್ತು. ಅದನ್ನು ಕಂಡ ಅಮೆರಿಕದ ಸೇನೆಯು ತನ್ನ ತರಬೇತಿಗಾಗಿ ಅದರ ಒಂದು ರೂಪವನ್ನು ಮಾಡಿಸಿಕೊಳ್ಳಲು ಹೊರಟದ್ದು ಸೋಜಿಗದ ಸಂಗತಿ. 1991ರಲ್ಲಿ ಜಾನ್ ಕಾರ್ಮ್ಯಾಕ್, ಜಾನ್ ರೊಮೆರೊ, ಟಾಮ್ ಹಾಲ್, ಏಡ್ರಿಯನ್ ಕಾರ್ಮ್ಯಾಕ್ ಎಂಬ ತರುಣರು ‘ಇಡ್ ಸಾಫ್ಟ್‌ವೇರ್’ ಎಂಬ ಸಣ್ಣ ಸಂಸ್ಥೆಯನ್ನು ಕಟ್ಟಿದರು. 1992ರ ಮೇ ತಿಂಗಳಲ್ಲಿ ಅವರ ‘ವುಲ್ಫೆನ್‌ಸ್ಟೈನ್ 3ಡಿ’ ಬಂದಿತು. ಅದರಲ್ಲಿ ಎಲ್ಲ ಗೋಡೆಗಳೂ ಒಂದೇ ಎತ್ತರ, ಎಲ್ಲ ಮೂಲೆಗಳೂ ಚಚ್ಚೌಕ. ಡೂಮ್‌ನಲ್ಲಿ ಮೆಟ್ಟಿಲುಗಳು ಬಂದವು, ಓರೆ ಗೋಡೆಗಳು ಬಂದವು, ಬೆಳಕು ಮಂಕಾಗುವ ಕತ್ತಲೆಯ ಕೋಣೆಗಳು ಬಂದವು. ಕತ್ತಲೆ ಬಂದೊಡನೆ ಭಯವೂ ಬಂತು.

ಇದನ್ನು ಸಾಧಿಸಿದ ಬಗೆ ಗಣಿತದ ಅಭಿರುಚಿಯುಳ್ಳ ಓದುಗರಿಗೆ ಹಿಡಿಸುವಂಥದು. ಕೋಣೆಯ ಯಾವ ಗೋಡೆ ಮುಂದಿದೆ, ಯಾವುದು ಹಿಂದಿದೆ, ಯಾವುದು ಮರೆಯಾಗಿದೆ ಎಂಬುದನ್ನು ಕ್ಷಣಕ್ಷಣಕ್ಕೂ ಹೊಸದಾಗಿ ಲೆಕ್ಕ ಹಾಕುವ ಶಕ್ತಿ ಅಂದಿನ ಮನೆಬಳಕೆಯ ಕಂಪ್ಯೂಟರುಗಳಿಗೆ ಇರಲಿಲ್ಲ. 1980ರಲ್ಲಿ ಫುಕ್ಸ್, ಕೆಡೆಮ್, ನೇಯ್ಲರ್ ಎಂಬ ಮೂವರು ವಿದ್ವಾಂಸರು ಒಂದು ವಿಧಾನವನ್ನು ಪ್ರಕಟಿಸಿದ್ದರು. ಇಡೀ ಕಟ್ಟಡವನ್ನು ಮೊದಲೇ ಎರಡಾಗಿ ಸೀಳುವುದು, ಪ್ರತಿ ಭಾಗವನ್ನು ಮತ್ತೆ ಎರಡಾಗಿ ಸೀಳುವುದು, ಹೀಗೆ ಕವಲೊಡೆದ ಮರದಂತೆ ಅದನ್ನು ವಿಂಗಡಿಸಿ ಇಟ್ಟುಕೊಳ್ಳುವುದು. ಆಮೇಲೆ ನೋಡುವವನು ಎಲ್ಲಿಯೇ ನಿಂತರೂ ಗೋಡೆಗಳ ಕ್ರಮ ಆ ಮರದಿಂದ ಥಟ್ಟನೆ ದೊರೆಯುತ್ತದೆ. ವರ್ಷಾರಂಭದಲ್ಲಿಯೇ ಖಾತೆಗಳನ್ನು ಊರುವಾರು, ಓಣಿವಾರು, ಮನೆವಾರು ವಿಂಗಡಿಸಿಟ್ಟ ಅಂಗಡಿಯಲ್ಲಿ ಯಾವ ಗಿರಾಕಿ ಬಂದು ನಿಂತರೂ ಅವನ ಬಾಕಿಯನ್ನು ಕೂಡಲೇ ಹೇಳಬಹುದಲ್ಲವೇ? ಜಾನ್ ಕಾರ್ಮ್ಯಾಕ್ ಅದನ್ನೇ ಮಾಡಿದನು. ಸೆಕೆಂಡಿಗೆ 35 ಚಿತ್ರಗಳವರೆಗೆ ಬರೆಯಬಲ್ಲ ವೇಗವು ಸಾಮಾನ್ಯ ಯಂತ್ರಕ್ಕೆ ಬಂದದ್ದು ಹೀಗೆ. ವಿದ್ವತ್ಪತ್ರಿಕೆಯಲ್ಲಿ 13 ವರ್ಷ ಮಲಗಿದ್ದ ಒಂದು ವಿಚಾರವು ಆಟದ ನೆಪದಲ್ಲಿ ಲಕ್ಷಾಂತರ ಮನೆಗಳಿಗೆ ನಡೆದುಹೋಯಿತು.

ವ್ಯಾಪಾರದ ದೃಷ್ಟಿಯಿಂದಲೂ ಡೂಮ್ ಅಧ್ಯಯನಯೋಗ್ಯ. ಆ ಆಟದಲ್ಲಿ ಮೂರು ಖಂಡಗಳಿದ್ದವು. 9 ಹಂತಗಳ ಮೊದಲನೆಯ ಖಂಡವನ್ನು ಉಚಿತವಾಗಿ ಬಿಡಲಾಯಿತು. ಮುಂದಿನ ಎರಡು ಬೇಕಾದವರು ಸುಮಾರು 40 ಡಾಲರ್ ತೆತ್ತು ಅಂಚೆಯಲ್ಲಿ ತರಿಸಿಕೊಳ್ಳಬೇಕಿತ್ತು. ಉಚಿತ ಖಂಡವನ್ನು ಯಾರು ಬೇಕಾದರೂ ನಕಲು ಮಾಡಬಹುದು, ಅಂಗಡಿಯವರು ತಟ್ಟೆಗೆ ತುಂಬಿ ಮಾರಬಹುದು, ಮಾರಿ ಬಂದ ಹಣವನ್ನು ಪೂರ್ತಿಯಾಗಿ ತಾವೇ ಇಟ್ಟುಕೊಳ್ಳಬಹುದು. ಸಂತೆಯಲ್ಲಿ ಒಂದು ಹಿಡಿ ಶೇಂಗಾ ಕೈಗಿತ್ತು ಚೀಲದ ಬೆಲೆ ಹೇಳುವ ಕ್ರಮ ನಮಗೆ ಹೊಸದಲ್ಲ. ಆದರೆ ಆ ಹಿಡಿ ಶೇಂಗಾವನ್ನು ಬೇರೊಬ್ಬ ಅಂಗಡಿಯವನೇ ಹಂಚಿ ಲಾಭ ಮಾಡಿಕೊಳ್ಳಲೆಂದು ಬಿಟ್ಟುಕೊಡುವ ಧಾರಾಳವನ್ನು ವರ್ತಕ ಲೋಕ ಹೆಚ್ಚಾಗಿ ಕಂಡಿಲ್ಲ. ಬಿಡುಗಡೆಯ ದಿನ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಗಣಕಕ್ಕೆ ಆಟವನ್ನು ಏರಿಸಲು ಹೋದಾಗ, ಕಾಯುತ್ತಿದ್ದವರ ದಟ್ಟಣೆಯಿಂದ ಏರಿಸುವವರಿಗೇ ಒಳಗೆ ಎಡೆ ಸಿಗದೆ ಹೋಯಿತು.

ಇನ್ನೊಂದು ಧಾರಾಳತನವು ಇದಕ್ಕಿಂತ ದೂರಗಾಮಿಯಾಯಿತು. ಆಟವನ್ನು ನಡೆಸುವ ಯಂತ್ರಭಾಗವನ್ನು ಒಂದು ಕಡೆ, ಓಣಿ, ಗೋಡೆ, ರಾಕ್ಷಸರ ಚಿತ್ರಗಳನ್ನು ‘ವಾಡ್’ ಎಂಬ ಪ್ರತ್ಯೇಕ ಕಡತದಲ್ಲಿ ಇನ್ನೊಂದು ಕಡೆ ಇಟ್ಟದ್ದರಿಂದ ಆಡುವವರೇ ಹೊಸ ಓಣಿಗಳನ್ನು ಕಟ್ಟತೊಡಗಿದರು. ಓದುಗರೇ ಮುಂದಿನ ಅಧ್ಯಾಯಗಳನ್ನು ಬರೆಯತೊಡಗಿದ ಗ್ರಂಥದಂತಾಯಿತು ಅದು. 1997ರ ಡಿಸೆಂಬರಿನಲ್ಲಿ ಆ ಯಂತ್ರಭಾಗದ ಮೂಲಲಿಪಿಯನ್ನೂ ಸಂಸ್ಥೆಯು ಲೋಕಕ್ಕೆ ಬಿಟ್ಟುಕೊಟ್ಟಿತು. ಮುಂದಿನ ವಂಶಾವಳಿಯನ್ನು ನೋಡಿದರೆ ಇದರ ಫಲ ತಿಳಿಯುತ್ತದೆ. ಅದೇ ಸಂಸ್ಥೆಯ 1996ರ ‘ಕ್ವೇಕ್’ ಆಟದ ಯಂತ್ರಭಾಗವನ್ನು ಪಡೆದು ವಾಲ್ವ್ ಸಂಸ್ಥೆ 1998ರಲ್ಲಿ ‘ಹಾಫ್-ಲೈಫ್’ ರಚಿಸಿತು. ಅದನ್ನು ತಿದ್ದಿ ಮಿನ್ ಲೆ, ಜೆಸ್ ಕ್ಲಿಫ್ ಎಂಬ ಇಬ್ಬರು 1999ರಲ್ಲಿ ‘ಕೌಂಟರ್-ಸ್ಟ್ರೈಕ್’ ಮಾಡಿದರು. 2003ರಲ್ಲಿ ಹುಟ್ಟಿದ ‘ಕಾಲ್ ಆಫ್ ಡ್ಯೂಟಿ’ ಸರಣಿಯ ಮೊದಲ ಆಟವೂ ‘ಕ್ವೇಕ್’ನ ಮೂರನೆಯ ಆವೃತ್ತಿಯ ಯಂತ್ರಭಾಗದ ಮೇಲೆಯೇ ನಿಂತದ್ದು. ಇಂದು ಮೊಮ್ಮಕ್ಕಳ ಬಾಯಲ್ಲಿ ಕೇಳಿಬರುವ ಈ ಹೆಸರುಗಳ ಮೂಲಪುರುಷ ಯಾರೆಂದು ಕೇಳಿದರೆ ಬೆರಳು ಡೂಮ್ ಕಡೆಗೇ ತೋರುತ್ತದೆ. ಆ ಕಾಲದಲ್ಲಿ ಇಂತಹ ಆಟಗಳಿಗೆ ಬೇರೆ ಹೆಸರೇ ಇರಲಿಲ್ಲ. ಎಲ್ಲವನ್ನೂ ‘ಡೂಮ್‌ನ ನಕಲುಗಳು’ ಎಂದೇ ಕರೆಯುತ್ತಿದ್ದರು. ಡೂಮ್ ಸರಣಿಯೂ ನಿಂತಿಲ್ಲ. 1994, 2004, 2016, 2020ರಲ್ಲಿ ಅದರ ಮುಖ್ಯ ಕಂತುಗಳು ಬಂದವು. 2025ರ ಮೇ ತಿಂಗಳಲ್ಲಿಯೂ ಹೊಸದೊಂದು ಹೊರಬಂದಿದೆ.

ನಾಲ್ಕು ಯಂತ್ರಗಳನ್ನು ತಂತಿಯಿಂದ ಜೋಡಿಸಿ ನಾಲ್ವರು ಒಬ್ಬರನ್ನೊಬ್ಬರು ಬೇಟೆಯಾಡುವ ಸೌಲಭ್ಯವೂ ಡೂಮ್‌ನಲ್ಲಿತ್ತು. ಅದಕ್ಕೆ ರೊಮೆರೊ ಇಟ್ಟ ಹೆಸರು ‘ಡೆತ್‌ಮ್ಯಾಚ್’. ಕಛೇರಿಗಳಲ್ಲಿ ಕೆಲಸ ಬಿಟ್ಟು ಇದನ್ನಾಡುವವರು ಹೆಚ್ಚಾಗಿ, ಇಂಟೆಲ್‌ನಂತಹ ಕಂಪನಿಗಳೂ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯವೂ ತಡೆಯಾಜ್ಞೆ ಹೊರಡಿಸಬೇಕಾಯಿತೆಂದು ವರದಿಗಳಿವೆ. ಈವರೆಗೆ ರಾಕ್ಷಸನಿದ್ದ ಜಾಗಕ್ಕೆ ಪಕ್ಕದ ಮೇಜಿನ ಗೆಳೆಯ ಬಂದನು. ಇಂದಿನ ‘ಇ-ಕ್ರೀಡೆ’ಗಳ ಬೀಜ ಇಲ್ಲಿದೆ.

ಕರ್ನಾಟಕಕ್ಕೆ ಈ ಪ್ರವಾಹ ಎರಡು ಅಲೆಗಳಾಗಿ ಬಂತು. ಮೊದಲನೆಯದು ಬೆಂಗಳೂರಿಗೆ. ಅಲ್ಲಿನ ಸೈಬರ್ ಕೆಫೆಗಳಲ್ಲಿ ಕಾಲೇಜು ಹುಡುಗರು ಗಂಟೆಯ ಲೆಕ್ಕದಲ್ಲಿ ಹಣ ತೆತ್ತು ಕೌಂಟರ್-ಸ್ಟ್ರೈಕ್ ಆಡಿದ ಕಾಲ ಅದು. ಅದೇ ನಗರದಲ್ಲಿ ರಾಜೇಶ್ ರಾವ್ ಅವರು 1997ರಲ್ಲಿ ಆರಂಭಿಸಿದ ‘ಧ್ರುವ ಇಂಟರಾಕ್ಟಿವ್’ ಭಾರತದ ಆಟ ತಯಾರಿಕೆಯ ಆದ್ಯ ಸಂಸ್ಥೆಗಳಲ್ಲಿ ಒಂದು. ಪರದೇಶದ ಆಟಗಳಿಗೆ ಬೇಕಾದ ಚಿತ್ರ, ವಾಹನ, ಕಟ್ಟಡಗಳನ್ನು ರಚಿಸಿಕೊಟ್ಟ ಈ ಸಂಸ್ಥೆಯನ್ನು 2019ರಲ್ಲಿ ರಾಕ್‌ಸ್ಟಾರ್ ಸಂಸ್ಥೆ ಕೊಂಡಿತು. ಕರ್ನಾಟಕ ಸರ್ಕಾರವು 2012ರಲ್ಲಿಯೇ ಅನಿಮೇಷನ್ ಮತ್ತು ಆಟಗಳ ಉದ್ಯಮಕ್ಕಾಗಿ ಪ್ರತ್ಯೇಕ ನೀತಿಯನ್ನು ಪ್ರಕಟಿಸಿತ್ತು.

ಎರಡನೆಯ ಅಲೆ ತಾಲ್ಲೂಕು ಊರುಗಳಿಗೆ ಬಂದದ್ದು 2016ರ ನಂತರ, ಮೊಬೈಲಿನ ಅಂತರ್ಜಾಲ ಅಗ್ಗವಾದಾಗ. 2018ರಲ್ಲಿ ‘ಪಬ್‌ಜಿ ಮೊಬೈಲ್’ ಬಂದಿತು. ಐರ್ಲೆಂಡಿನ ಬ್ರೆಂಡನ್ ಗ್ರೀನ್ ಎಂಬಾತ ಬೇರೊಂದು ಆಟವನ್ನು ತಿದ್ದುತ್ತ ಕಂಡುಕೊಂಡ ಕಲ್ಪನೆಯನ್ನು ದಕ್ಷಿಣ ಕೊರಿಯದ ಸಂಸ್ಥೆಯೊಂದು 2017ರಲ್ಲಿ ಆಟವಾಗಿಸಿತ್ತು. ಮೊಬೈಲ್ ರೂಪ ಚೀನದ ಟೆನ್ಸೆಂಟ್ ಸಂಸ್ಥೆಯದು. ನೂರು ಮಂದಿ ಒಂದು ದ್ವೀಪಕ್ಕೆ ಇಳಿದು ಕೊನೆಗೆ ಒಬ್ಬನು ಅಥವಾ ಒಂದು ತಂಡ ಉಳಿಯುವುದು ಅದರ ಕ್ರಮ. ಜಾತ್ರೆಯಲ್ಲಿ ಬಲೂನಿಗೆ ಗುರಿಯಿಟ್ಟು ಸಂತೋಷಪಡುತ್ತಿದ್ದ ಹುಡುಗನ ಕೈಗೆ ವರ್ಷದ ಎಲ್ಲ ದಿನವೂ ತೆರೆದಿರುವ ಗುರಿಯಂಗಡಿ ಬಂದಂತಾಯಿತು. ಇಲ್ಲಿ ಆಟ ಪೂರ್ತಿ ಉಚಿತ. ಹಣ ಬರುವುದು ಬಂದೂಕಿನ ಬಣ್ಣ, ಸೈನಿಕನ ಉಡುಪು ಮುಂತಾದ ಅಲಂಕಾರಗಳ ಮಾರಾಟದಿಂದ. ಡೂಮ್ ಮೊದಲ ಖಂಡವನ್ನು ಬಿಟ್ಟುಕೊಟ್ಟಿತ್ತು. ಈ ಮೊಮ್ಮಗ ಇಡೀ ಗ್ರಂಥವನ್ನೇ ಬಿಟ್ಟುಕೊಟ್ಟು ರಟ್ಟನ್ನು ಮಾರಿತು.

2020ರ ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರ ಪಬ್‌ಜಿಯೂ ಸೇರಿ 118 ಆನ್ವಯಿಕಗಳನ್ನು ನಿಷೇಧಿಸಿತು. ಆ ಆಜ್ಞೆ ನಿಂತದ್ದು ದೇಶದ ಸಾರ್ವಭೌಮತೆ ಮತ್ತು ಭದ್ರತೆಯ ಕಾರಣದ ಮೇಲೆ. ಹಿಂಸೆಯ ಕಾರಣದ ಮೇಲಲ್ಲ. 2021ರಲ್ಲಿ ಕರ್ನಾಟಕದ ಶಾಸನಸಭೆಯು ಪೊಲೀಸ್ ಕಾಯಿದೆಗೆ ತಿದ್ದುಪಡಿ ತಂದು ಹಣ ಪಣವಿಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. 2022ರ ಫೆಬ್ರವರಿ 14ರಂದು ಉಚ್ಚ ನ್ಯಾಯಾಲಯ ಆ ತಿದ್ದುಪಡಿಯ ಮುಖ್ಯ ವಿಧಿಗಳನ್ನು ರದ್ದುಗೊಳಿಸಿತು. 2025ರ ಆಗಸ್ಟ್ ತಿಂಗಳಲ್ಲಿ ಸಂಸತ್ತು ಅಂಗೀಕರಿಸಿದ ಕಾಯಿದೆ ಹಣದ ಆಟಗಳನ್ನು ನಿಷೇಧಿಸಿ ಇ-ಕ್ರೀಡೆಗಳಿಗೆ ಮನ್ನಣೆ ನೀಡಿತು. ಈ ಮೂರರಲ್ಲಿಯೂ ಕಾನೂನು ನೋಡಿದ್ದು ದೇಶದ ಗಡಿಯನ್ನು, ಜೇಬಿನ ಹಣವನ್ನು. ಗುಂಡು ಹೊಡೆಯುವ ಆಟ ಮನಸ್ಸಿಗೆ ಏನು ಮಾಡುತ್ತದೆ ಎಂಬ ಪ್ರಶ್ನೆಯನ್ನು ಕಾನೂನು ಮನೆಗೇ ಬಿಟ್ಟಿದೆ.

ಅಮೆರಿಕದಲ್ಲಿ ಆ ಪ್ರಶ್ನೆ ಬಹಿರಂಗವಾಗಿಯೇ ಎದ್ದಿತು. ಡೂಮ್ ಹೊರಬರುವ ಹಿಂದಿನ ದಿನವೇ, 1993ರ ಡಿಸೆಂಬರ್ 9ರಂದು, ಅಲ್ಲಿನ ಸೆನೆಟ್ ವಿಡಿಯೋ ಆಟಗಳ ಹಿಂಸೆಯ ಬಗೆಗೆ ವಿಚಾರಣೆ ನಡೆಸಿತ್ತು. ಅದರ ಫಲವಾಗಿ 1994ರಲ್ಲಿ ವಯೋಮಿತಿಯನ್ನು ಸೂಚಿಸುವ ಮಂಡಳಿ ಸ್ಥಾಪಿತವಾಯಿತು. 1996ರಲ್ಲಿ ಅಮೆರಿಕದ ನೌಕಾ ಪದಾತಿ ದಳ ಡೂಮ್‌ನ ಎರಡನೆಯ ಕಂತನ್ನು ತಿದ್ದಿ ನಾಲ್ವರ ತುಕಡಿಗಳ ತರಬೇತಿಗೆ ಬಳಸಿತು. 1999ರ ಏಪ್ರಿಲ್‌ನಲ್ಲಿ ಕೊಲಂಬೈನ್ ಶಾಲೆಯಲ್ಲಿ ನರಮೇಧ ನಡೆಸಿದ ಇಬ್ಬರು ಹುಡುಗರು ಡೂಮ್ ಆಡುತ್ತಿದ್ದರೆಂಬುದು ತಿಳಿದಾಗ ಕೋಲಾಹಲವೆದ್ದಿತು. ಆಟದ ಕಂಪನಿಗಳ ಮೇಲೆ ಹೂಡಿದ ದಾವೆ 2002ರಲ್ಲಿ ವಜಾ ಆಯಿತು. 2011ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ, ವಿಡಿಯೋ ಆಟಗಳಿಗೂ ಪುಸ್ತಕಗಳಿಗಿರುವ ವಾಕ್‌ಸ್ವಾತಂತ್ರ್ಯದ ರಕ್ಷಣೆ ಉಂಟೆಂದು ತೀರ್ಪಿತ್ತಿತು. ಅಮೆರಿಕದ ಮನಶ್ಶಾಸ್ತ್ರಜ್ಞರ ಸಂಘವು 2015ರಲ್ಲಿ ಇಂತಹ ಆಟಗಳಿಗೂ ಆಕ್ರಮಣಶೀಲ ವರ್ತನೆಗೂ ಸಂಬಂಧವಿದೆಯೆಂದು ಹೇಳಿ, 2020ರಲ್ಲಿ ನೈಜ ಹಿಂಸಾಕೃತ್ಯಗಳಿಗೆ ಇವೇ ಕಾರಣವೆನ್ನಲು ಸಾಕಷ್ಟು ಆಧಾರವಿಲ್ಲವೆಂದು ಸ್ಪಷ್ಟಪಡಿಸಿತು. ಎರಡನ್ನೂ ಒಟ್ಟಿಗೆ ಓದುವುದು ನ್ಯಾಯ. ಆಡಿದವರೆಲ್ಲ ಕೊಲೆಗಡುಕರಾಗುತ್ತಾರೆಂಬ ಭಯ ಅಳತೆ ಮೀರಿದ್ದು; ಆಡಿದವನ ಮನಸ್ಸಿಗೆ ಏನೂ ಆಗುವುದಿಲ್ಲವೆಂಬ ಭರವಸೆಯೂ ಅಷ್ಟೇ ಅಳತೆ ಮೀರಿದ್ದು.

ಪಶ್ಚಿಮದ ಈ ಚರ್ಚೆ ಒಂದೇ ಪ್ರಶ್ನೆಯ ಸುತ್ತ ತಿರುಗಿತು: ಆಟದ ಹಿಂಸೆಯಿಂದ ಹೊರಗಿನ ಹಿಂಸೆ ಹುಟ್ಟುವುದೇ? ಕನ್ನಡ ನಾಡಿನಲ್ಲಿ ಎಂಟು ಶತಮಾನಗಳ ಹಿಂದೆಯೇ ಇನ್ನೊಂದು ಪ್ರಶ್ನೆ ಕೇಳಲಾಗಿತ್ತು. ಹೊಯ್ಸಳ ವೀರಬಲ್ಲಾಳನ ಆಸ್ಥಾನದ ಜನ್ನ ಕವಿ 1209ರಲ್ಲಿ ರಚಿಸಿದ ‘ಯಶೋಧರ ಚರಿತೆ’ಯ ಕಥೆ ಶ್ರಾವಕ ಮನೆಗಳಿಗೆ ಹೊಸದಲ್ಲ. ಜೀವಬಲಿಯನ್ನು ಒಪ್ಪದ ಯಶೋಧರನು ತಾಯಿ ಚಂದ್ರಮತಿಯ ಒತ್ತಾಯಕ್ಕೆ ಮಣಿದು, ಚಂಡಮಾರಿಗೆ ಹಿಟ್ಟಿನ ಹುಂಜವನ್ನು ಕಡಿಯುತ್ತಾನೆ. ಕಡಿದೊಡನೆ ಹಿಟ್ಟಿನ ಹುಂಜ ಕೂಗುತ್ತದೆ. ಆ ಒಂದು ಸಂಕಲ್ಪದ ಫಲವಾಗಿ ತಾಯಿ ಮಗ ಇಬ್ಬರೂ ನವಿಲಾಗಿ, ನಾಯಿಯಾಗಿ, ಇನ್ನೂ ಹಲವು ಪ್ರಾಣಿಗಳಾಗಿ ಹುಟ್ಟಿ ಸಾಯುತ್ತಾರೆ. ಹೊರಗೆ ಯಾರಿಗೂ ಏನೂ ಆಗದಿದ್ದರೂ ಒಳಗೆ ಏನಾಯಿತು? ಇದು ಜನ್ನನ ಪ್ರಶ್ನೆ.

ಪಬ್‌ಜಿ ನಿಷೇಧದ ಬಳಿಕ 2021ರಲ್ಲಿ ಬಂದ ಅದರ ಭಾರತೀಯ ರೂಪದಲ್ಲಿ ರಕ್ತಕ್ಕೆ ಹಸಿರು ಬಣ್ಣ ಕೊಟ್ಟರು. ‘ಕೊಂದನು’ ಎಂಬರ್ಥದ ಪದವನ್ನು ತೆಗೆದು ‘ಮುಗಿಸಿದನು’ ಎಂಬರ್ಥದ ಪದವನ್ನಿಟ್ಟರು. ಹದಿನೆಂಟು ತುಂಬದವರಿಗೆ ದಿನಕ್ಕೆ ಮೂರು ಗಂಟೆಯ ಮಿತಿಯನ್ನೂ ಹಾಕಿದರು. ಸಮಯದ ಮಿತಿ ಮೆಚ್ಚತಕ್ಕದ್ದೇ. ಹಸಿರು ರಕ್ತವಾದರೋ ಚಂದ್ರಮತಿಯ ಹಿಟ್ಟಿನಂತೆ: ವಸ್ತುವನ್ನು ಬದಲಿಸಿದರೆ ಸಂಕಲ್ಪವೂ ಬದಲಾಯಿತೆಂಬ ಲೆಕ್ಕ.

ಆದರೆ ಹೋಲಿಕೆಯನ್ನು ಎಳೆದೆಳೆದು ನ್ಯಾಯ ತಪ್ಪಬಾರದು. ಯಶೋಧರನು ಹಿಟ್ಟನ್ನು ಕಡಿಯುವಾಗ ನಿಜವಾದ ಬಲಿಯ ಫಲವನ್ನೇ ಬಯಸಿದ್ದನು. ಡೂಮ್ ಆಡುವ ಹುಡುಗ ಯಾರ ಸಾವನ್ನೂ ಬಯಸುವುದಿಲ್ಲ; ಅವನಿಗೆ ಬೇಕಾದದ್ದು ಕಣ್ಣು ಕೈಗಳ ಚುರುಕು, ಗೆಲುವಿನ ಹಿಗ್ಗು. ಇದಕ್ಕೂ ಅದೇ ಕಾವ್ಯದಲ್ಲಿ ನಿದರ್ಶನವಿದೆ. ತಾಯಿ ಮಗ ಕಡೆಗೆ ಕೋಳಿಗಳಾಗಿ ಹುಟ್ಟಿದಾಗ ಅವರನ್ನು ಕೊಂದವನು ಯಶೋಧರನ ಮಗ ಯಶೋಮತಿ. ಅವನಿಗೆ ಆ ಕೋಳಿಗಳ ಮೇಲೆ ದ್ವೇಷವಿರಲಿಲ್ಲ. ದನಿ ಕೇಳಿದತ್ತ ಬಾಣ ಬಿಡುವ ಶಬ್ದವೇಧಿಯ ಚಾತುರ್ಯವನ್ನು ಮಡದಿಗೆ ತೋರಿಸಬೇಕಿತ್ತು, ಅಷ್ಟೇ. ತಂದೆಯ ಕೈಯಲ್ಲಿ ಸಂಕಲ್ಪವಿತ್ತು, ಜೀವವಿರಲಿಲ್ಲ. ಮಗನ ಕೈಯಲ್ಲಿ ಜೀವವಿತ್ತು, ದ್ವೇಷದ ಸಂಕಲ್ಪವಿರಲಿಲ್ಲ. ಗುಂಡಿನ ಆಟ ಇವೆರಡರ ನಡುವೆ ಎಲ್ಲಿಯೋ ನಿಲ್ಲುತ್ತದೆ: ಜೀವವೂ ಇಲ್ಲ, ದ್ವೇಷವೂ ಇರಬೇಕಾಗಿಲ್ಲ, ಆದರೂ ಕೊಲ್ಲುವ ಚಾತುರ್ಯದ ಅಭ್ಯಾಸವುಂಟು.

ತತ್ತ್ವಾರ್ಥಸೂತ್ರದ ಪರಂಪರೆ ಆಸ್ರವದ ದ್ವಾರಗಳನ್ನು ಲೆಕ್ಕ ಹಾಕುವ ಕ್ರಮ ಇಲ್ಲಿ ಉಪಯುಕ್ತ. ಸಂರಂಭ, ಸಮಾರಂಭ, ಆರಂಭ ಎಂಬ ಮೂರು ಹಂತಗಳು, ಮನೋವಾಕ್ಕಾಯಗಳು ಮೂರು, ಕೃತ, ಕಾರಿತ, ಅನುಮತ ಎಂಬವು ಮೂರು, ಕ್ರೋಧಾದಿ ಕಷಾಯಗಳು ನಾಲ್ಕು. ಗುಣಿಸಿದರೆ 108. ಚಲನಚಿತ್ರದಲ್ಲಿ ನಾಯಕನು ಖಳನನ್ನು ಕೊಂದಾಗ ಚಪ್ಪಾಳೆ ತಟ್ಟುವವನದು ಅನುಮತ. ಡೂಮ್ ಮಾಡಿದ ಬದಲಾವಣೆಯೆಂದರೆ ನೋಡುಗನನ್ನು ಅನುಮತದ ಸಾಲಿನಿಂದ ಎಬ್ಬಿಸಿ ಕೃತದ ಸಾಲಿನಲ್ಲಿ ಕೂರಿಸಿದ್ದು. ಸಂರಂಭವೆಂಬ ಉದ್ದೇಶ ಅವನದೇ, ಆಯುಧ ಹುಡುಕಿ ಸಿದ್ಧಗೊಳ್ಳುವ ಸಮಾರಂಭವೂ ಅವನದೇ. ಆರಂಭ ಮಾತ್ರ ಹಿಟ್ಟಿನ ಮೇಲೆ. ಪರದೆಗೆ ಬೇಕಾದ ಬಂದೂಕಿನ ಚಿತ್ರ ಬಿಡಿಸಿ ಸಂಬಳ ಪಡೆಯುವ ಕಲಾವಿದ ಯಾವ ಸಾಲಿಗೆ ಸೇರುತ್ತಾನೆಂಬುದು ಇನ್ನೂ ಕಠಿಣ ಪ್ರಶ್ನೆ. ಬೆಂಗಳೂರಿನಲ್ಲಿ ಮಕ್ಕಳಿರುವ ಮನೆಗಳಲ್ಲಿ ಅದು ಬರಿಯ ತರ್ಕವಲ್ಲ.

ಸಮಂತಭದ್ರಾಚಾರ್ಯರು ರತ್ನಕರಂಡಕದಲ್ಲಿ ಅನರ್ಥದಂಡವನ್ನು ಪಾಪೋಪದೇಶ, ಹಿಂಸಾದಾನ, ಅಪಧ್ಯಾನ, ದುಃಶ್ರುತಿ, ಪ್ರಮಾದಚರ್ಯೆ ಎಂದು ಐದಾಗಿ ವಿಂಗಡಿಸಿದ್ದಾರೆ. ಗುಂಡಿನ ಆಟಕ್ಕೆ ತಗಲುವ ಮಾತು ಹಿಂಸಾದಾನಕ್ಕಿಂತ ಅಪಧ್ಯಾನ ಮತ್ತು ಪ್ರಮಾದಚರ್ಯೆಗಳದು: ಆಟ ಮುಗಿದ ಮೇಲೆ ಮನಸ್ಸಿನಲ್ಲಿ ಏನು ಉಳಿಯಿತು, ಎಷ್ಟು ಹೊತ್ತು ಕಳೆಯಿತು. ಮೊಬೈಲನ್ನು ಕಸಿದುಕೊಂಡು ಬೈಯುವ ಹಿರಿಯರು ಈ ಎರಡು ಪ್ರಶ್ನೆಗಳನ್ನು ಕೇಳಿ ನೋಡಬಹುದು. ಕಸಿದುಕೊಂಡವನ ಮುಖದಲ್ಲಿ ಆ ಹೊತ್ತು ಕಾಣುವ ಕ್ರೋಧವೂ ನಾಲ್ಕು ಕಷಾಯಗಳಲ್ಲಿ ಒಂದೇ ತಾನೆ.

ಡೂಮ್‌ನ ಪ್ರತಿ ಹಂತ ಮುಗಿದಾಗ ಪರದೆಯ ಮೇಲೆ ಒಂದು ತಖ್ತೆ ಮೂಡುತ್ತದೆ. ಕೊಂದದ್ದು ಶೇಕಡಾ ಎಷ್ಟು, ಸಂಗ್ರಹಿಸಿದ್ದು ಶೇಕಡಾ ಎಷ್ಟು, ಪತ್ತೆಮಾಡಿದ ಗುಪ್ತಸ್ಥಾನಗಳು ಶೇಕಡಾ ಎಷ್ಟು, ಹಿಡಿದ ಸಮಯವೆಷ್ಟು. ಜಮಾಖರ್ಚಿನ ಪುಟದಂತಿರುವ ಆ ತಖ್ತೆಯಲ್ಲಿ ಮೊದಲ ಬಾಬು ಕೊಲೆಯದೇ. ಆದರೆ ಆಟದ ಕಟ್ಟಳೆಯನ್ನು ಗಮನಿಸಿದವರಿಗೆ ಒಂದು ವಿಷಯ ಹೊಳೆಯಿತು. ಬಹುಪಾಲು ಹಂತಗಳಲ್ಲಿ ಹೊರಬಾಗಿಲು ಕೊಲೆಯ ಲೆಕ್ಕವನ್ನು ಕೇಳುವುದೇ ಇಲ್ಲ. ಬೀಗದಕೈ ಹುಡುಕಿ ಗುಂಡಿ ಒತ್ತಿದರೆ ಸಾಕು. ಚೌಕಾಬಾರದ ಒಳಸುತ್ತಿಗೆ ಇರುವ ಷರತ್ತು ಇಲ್ಲಿಲ್ಲ. ಆದುದರಿಂದ ಡೂಮ್‌ನ ನಿಷ್ಣಾತರು ದಾಖಲೆಗಳನ್ನು ಕಾಯ್ದಿಡುವ ಪಟ್ಟಿಗಳಲ್ಲಿ ‘ಪ್ಯಾಸಿಫಿಸ್ಟ್’ ಎಂಬ ಒಂದು ವರ್ಗವನ್ನೇ ಮಾಡಿಕೊಂಡಿದ್ದಾರೆ. ಆಟಗಾರನು ಎರಡನೆಯ ಅತಿ ಕಠಿಣ ಮಟ್ಟದಲ್ಲಿ, ಯಾವ ರಾಕ್ಷಸನಿಗೂ ತನ್ನ ಗುಂಡು ತಾಗದಂತೆ, ಸ್ಫೋಟಕದ ಪೀಪಾಯಿಯನ್ನು ಸಿಡಿಸಿಯೂ ನೋಯಿಸದಂತೆ ಹೊರಬಾಗಿಲನ್ನು ಮುಟ್ಟಬೇಕು. ರಾಕ್ಷಸರು ತಮ್ಮತಮ್ಮಲ್ಲೇ ಹೊಡೆದಾಡಿ ಸತ್ತರೆ ಅದು ನಿಯಮಭಂಗವಲ್ಲ. ಎಲ್ಲರನ್ನೂ ಕೊಂದು ಮುಗಿಸುವ ವರ್ಗದ ದಾಖಲೆಗಳ ಪಕ್ಕದಲ್ಲಿಯೇ ಈ ವರ್ಗದ ದಾಖಲೆಗಳೂ ಸೆಕೆಂಡಿನ ಲೆಕ್ಕದೊಡನೆ ನಮೂದಾಗುತ್ತಿವೆ.